ಕಪಾಟು ಖಾಲಿ ಮಾಡಿ ಟ್ಯಾಬ್ ಇಟ್ಟರೆ ಆಯಿತೇ?

ಮಾನ್ಯ ಸಂಪಾದಕರೇ,

ಶಾಖಾ ಗ್ರಂಥಾಲಯದ ಮಕ್ಕಳ ವಿಭಾಗ ‘ಸಂಪೂರ್ಣ ಡಿಜಿಟಲ್’ ಆಯಿತೆಂದು ಮೊನ್ನೆ ವರದಿ ಬಂತು. ಉದ್ಘಾಟನೆಯ ಫೋಟೊ ಅಚ್ಚಾಗಿದೆ. ಗೋಣಿಚೀಲಕ್ಕೆ ತುಂಬಿ ಮೆಟ್ಟಿಲ ಕೆಳಗೆ ಒಟ್ಟಿರುವ ಚಿತ್ರಪುಸ್ತಕಗಳ ಫೋಟೊ ಎಲ್ಲಿ? ನಿನ್ನೆ ಸಂಜೆ ಅಲ್ಲಿ ಇದ್ದದ್ದು ಹತ್ತು ಟ್ಯಾಬ್, ಆನ್ ಆಗಿದ್ದು ಮೂರು. ಆ ಮೂರೂ ಫೋನ್ ನಂಬರ್ ಕೇಳುತ್ತವೆ, ಒಟಿಪಿ ಕೇಳುತ್ತವೆ. ಎರಡನೇ ತರಗತಿಯ ಮಗು ಒಟಿಪಿ ಎಲ್ಲಿಂದ ತರಬೇಕು? ಕೇಳಿದರೆ, ‘ದೊಡ್ಡವರನ್ನು ಕರೆದುಕೊಂಡು ಬನ್ನಿ’ ಎಂಬ ಉತ್ತರ.

ಒಳಗೆ ಹೊಕ್ಕರೂ ಸಿಗುವುದು ಪುಸ್ತಕವಲ್ಲ, ಪುಟಗಳ ಸ್ಕ್ಯಾನ್. ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆ ಮಡಚಿ 16 ಪುಟ ಮಾಡುವ ಮುದ್ರಣದ ಲೆಕ್ಕ ಅದು. ಎದುರುಬದುರಿನ ಎರಡು ಪುಟಗಳನ್ನು ಚಿತ್ರಕಾರರು ಒಂದೇ ಹರವಾಗಿ ಬಿಡಿಸುತ್ತಾರೆ. ಒಂದೊಂದೇ ಪುಟ ಸ್ಕ್ಯಾನ್ ಮಾಡಿದರೆ ಮಗುವಿಗೆ ಮೊದಲು ಆನೆಯ ಬಾಲ ಕಾಣುತ್ತದೆ, ಬೆರಳು ಎಳೆದ ಮೇಲೆ ಸೊಂಡಿಲು. ಮಡಿಕೆಯ ಒಳಗಿದ್ದ ಹೊಟ್ಟೆ ಮಾಯ. ಸರಿ, ಎರಡು ಪುಟ ಒಟ್ಟಿಗೆ ತೋರಿಸಿದರು ಎಂದುಕೊಳ್ಳಿ. ಎಂಟೂವರೆ ಇಂಚು ಅಗಲದ ಪುಸ್ತಕ ಬಿಡಿಸಿದಾಗ ಹದಿನೇಳು ಇಂಚು. ಹತ್ತು ಇಂಚಿನ ಟ್ಯಾಬ್ ಅಡ್ಡ ಹಿಡಿದರೂ ಪರದೆಯ ಅಗಲ ಸುಮಾರು ಎಂಟೂವರೆಯೇ. 18 ಪಾಯಿಂಟಿನ ಅಕ್ಷರ 9ಕ್ಕೆ ಇಳಿಯುತ್ತದೆ. ಕನ್ನಡದಲ್ಲಿ ಮೊದಲು ಸಾಯುವುದು ಕೆಳಗಿನ ಒತ್ತು. ಸ್ಕ್ಯಾನನ್ನು ಇಂಚಿಗೆ 300 ಚುಕ್ಕಿ (ಡಿಪಿಐ) ಬದಲು 100ಕ್ಕೆ ಮುಗಿಸಿದರೆ ಕೇಳುವುದೇ ಬೇಡ, ‘ಕತ್ತೆ’ ‘ಕತೆ’ಯಾಗುತ್ತದೆ. ಅಕ್ಷರ ಕೂಡಿಸಿ ಓದಲು ಕಲಿಯುತ್ತಿರುವ ಮಗುವಿನ ಮುಂದೆ ಇಡುವ ವಸ್ತುವೇ ಇದು?

ಹುಡುಕು ಗುಂಡಿ ಒತ್ತಿದರೆ ಏನೂ ಬರುವುದಿಲ್ಲ. ಬರುವುದಾದರೂ ಹೇಗೆ, ಅಲ್ಲಿರುವುದು ಚಿತ್ರ, ಅಕ್ಷರವಲ್ಲ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಒಸಿಆರ್ ಮಾಡಿಸಿಲ್ಲ. ಇನ್ನು ಕೆಲವು ಕಡತಗಳು ಹಳೆಯ ಆಸ್ಕಿ ಫಾಂಟಿನವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ. ದೃಷ್ಟಿ ಇಲ್ಲದ ಮಗುವಿಗಾಗಿ ಓದಿ ಹೇಳುವ ತಂತ್ರಾಂಶ ಹಾಕಿದರೆ ಅದು ಅರ್ಥವಿಲ್ಲದ್ದನ್ನು ಒದರುತ್ತದೆ. ಅವನ್ನು ಕನ್ನಡಕ್ಕೆ ತನ್ನದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಿಸಬೇಕು, ಬದಲಿಸಿದ ಮೇಲೆ ಅರ್ಕಾವೊತ್ತು ಜಾಗ ತಪ್ಪಿದೆಯೇ ಎಂದು ಒಬ್ಬರು ಕೂತು ಪುಟಪುಟವೂ ನೋಡಬೇಕು. ಕೂತು ನೋಡುವ ಆ ಒಬ್ಬರ ಹುದ್ದೆಯೇ ಖಾಲಿ.

ಡಿಜಿಟಲ್ ಬೇಡ ಎನ್ನುತ್ತಿಲ್ಲ. ಒಂದರಿಂದ ಎಂಟು ವರ್ಷದ 1,812 ಮಕ್ಕಳನ್ನು ಒಳಗೊಂಡ 39 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2021ರಲ್ಲಿ ಬಂದಿದೆ. ಅದೇ ಕತೆಯನ್ನು ಸುಮ್ಮನೆ ಪರದೆಗೆ ಹಾಕಿದಾಗ ಮಕ್ಕಳಿಗೆ ಕಾಗದದ ಪುಸ್ತಕವೇ ಹೆಚ್ಚು ಅರ್ಥವಾಗಿತ್ತು. ಕತೆ ತಿಳಿಯಲೆಂದೇ ಜೋಡಿಸಿದ ಸಹಾಯಗಳು ಇದ್ದಾಗ ಮಾತ್ರ ಪರದೆ ಮುಂದಾಯಿತು. ಅಂಥವನ್ನು ಆರಿಸಲು ಗ್ರಂಥಪಾಲಕರು ಬೇಕು, ಟೆಂಡರ್ ಅಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಕತೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡದ ಸಚಿತ್ರ ಕತೆಗಳು ಮುಕ್ತ ಪರವಾನಗಿಯಲ್ಲೇ ಇವೆ. ಇಳಿಸಿಟ್ಟುಕೊಂಡರೆ ನೆಟ್ ಇಲ್ಲದಾಗಲೂ ಓದಬಹುದು, ಮುದ್ರಿಸಿ ಹೊಲಿಸಲೂಬಹುದು. ಒಂದು ಟ್ಯಾಬಿನಲ್ಲೂ ಅದು ಇಲ್ಲ! ಆ ಸ್ಕ್ಯಾನ್, ಕಡತಗಳನ್ನು ಬಿಟ್ಟರೆ ಇರುವುದು ಲೈಸೆನ್ಸ್ ತೆಗೆದುಕೊಂಡ ಇ-ಪುಸ್ತಕ, ಅದನ್ನು ಒಂದು ಸಲಕ್ಕೆ ಒಬ್ಬರೇ ಓದಬೇಕು. ಇಂಥ ಪುಸ್ತಕ ಗ್ರಂಥಾಲಯದ ಆಸ್ತಿಯೂ ಅಲ್ಲ. 26 ಸಲ ಎರವಲು ಹೋದ ಮೇಲೆ ಲೈಸೆನ್ಸ್ ಮುಗಿಯಿತು ಎಂಬ ನಿಯಮವನ್ನು ಪ್ರಕಾಶನ ಸಂಸ್ಥೆ ಹಾರ್ಪರ್‌ಕಾಲಿನ್ಸ್ 2011ರಲ್ಲೇ ತಂದಿತ್ತು. ಗೋಣಿಚೀಲದಲ್ಲಿರುವ ಪುಸ್ತಕಗಳು ಅದಕ್ಕಿಂತ ಎಷ್ಟೋ ಹೆಚ್ಚು ಕೈ ಕಂಡಿವೆ. ಹರಿದ ಬೆನ್ನಿಗೆ ಬಟ್ಟೆ ಅಂಟಿಸಿದರೆ ಇನ್ನಷ್ಟು ಕೈ ಕಾಣುತ್ತವೆ.

ಸತ್ತ ಏಳು ಟ್ಯಾಬುಗಳ ವಿಷಯಕ್ಕೆ ಬಂದರೆ, ಲಿಥಿಯಂ ಬ್ಯಾಟರಿಯನ್ನು ಸೊನ್ನೆಗೆ ಇಳಿಸಿ ವಾರಗಟ್ಟಲೆ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಅದು ಕೆಡುತ್ತದೆ. ಎತ್ತಿಡುವಾಗ ಅರ್ಧ ಚಾರ್ಜ್ ಇರಬೇಕು, ಆಗಾಗ ತೆಗೆದು ನೋಡಬೇಕು. ಉದ್ಘಾಟನೆಗೆ ಮುಂಚೆ ಎಷ್ಟು ತಿಂಗಳು ಪೆಟ್ಟಿಗೆಯಲ್ಲೇ ಕೊಳೆಯುತ್ತಿದ್ದವೋ! ಹತ್ತು ಟ್ಯಾಬಿಗೆ ಇರುವುದು ನಾಲ್ಕು ಚಾರ್ಜರ್, ಒಂದೇ ಪ್ಲಗ್ ಪಾಯಿಂಟ್.

ಈ ಅಧಿಕಾರಿಗಳಿಗೆ ಇದೇನೂ ಹೊಸದಲ್ಲ. ಹಿಂದೆ ಕಂಪ್ಯೂಟರ್ ಸೂಚಿ ಬರುತ್ತದೆಂದು, ಯಾವ ಪುಸ್ತಕ ಎಲ್ಲಿದೆ ಎಂದು ತಿಳಿಸುವ ಕಾರ್ಡ್ ಸೂಚಿ ಎಸೆದರು. ಕಂಪ್ಯೂಟರ್ ಬಂತು, ಸೂಚಿ ಇವತ್ತಿಗೂ ಬಂದಿಲ್ಲ. ಶಾಲೆ ಬಿಡುವುದು ನಾಲ್ಕೂವರೆಗೆ, ಮಕ್ಕಳ ವಿಭಾಗದ ಬಾಗಿಲು ಹಾಕುವುದು ಐದಕ್ಕೆ. ದೂರು ಪುಸ್ತಕ ಕೇಳಿದರೆ ಅದಿರುವ ಬೀರುವಿನ ಕೀಲಿ ಸಾಹೇಬರ ಹತ್ತಿರ, ಸಾಹೇಬರು ಮೀಟಿಂಗ್‌ನಲ್ಲಿ. ಓದುಗರ ಸಮಯ ಉಳಿಸಬೇಕೆಂದು ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ 1931ರಲ್ಲೇ ಸೂತ್ರ ಬರೆದಿಟ್ಟರು. ಇಲಾಖೆಯಲ್ಲಿ ಅದನ್ನು ಓದಿದವರು ಒಬ್ಬರೂ ಇಲ್ಲವೇ?

ಆ ಚೀಲಗಳು ರದ್ದಿಯವರ ಗಾಡಿ ಹತ್ತುವ ಮೊದಲು ಪುಸ್ತಕಗಳನ್ನು ಕಪಾಟಿಗೆ ಇಡಲಿ. ಟ್ಯಾಬುಗಳನ್ನೂ ಸರಿಮಾಡಲಿ, ಇಲ್ಲವೇ ಎತ್ತಿಕೊಂಡು ಹೋಗಲಿ. ಈ ಡಿಜಿಟಲ್ ಬದಲಾವಣೆಗೆ ಸಹಿ ಹಾಕಿದ ಅಧಿಕಾರಿಗಳು ಒಂದು ಸಂಜೆ ಅಲ್ಲಿ ಬಂದು ಕೂರಲಿ, ಕತೆ ಕೇಳುವ ಮಗುವಿಗೆ ಆ ಪರದೆಯಿಂದಲೇ ಒಂದು ಕತೆ ಓದಿ ತೋರಿಸಲಿ. ಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಂಡು ಫೋಟೊ ತೆಗೆಸಿಕೊಳ್ಳಲು ಇವರಿಗೆ ನಾಚಿಕೆಯಾಗಬೇಕು.

– ಮಕ್ಕಳ ವಿಭಾಗದ ಓದುಗರ ಪರವಾಗಿ