ಮಗಳಿಗೊಂದು ಪತ್ರ: ರಾತ್ರಿ ಪಾಳಿ ನಿನ್ನೊಬ್ಬಳದಲ್ಲ

ಗಂಗಾವತಿ

ಪ್ರೀತಿಯ ಮಗಳೇ,

ಅತ್ತೆಯವರ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ ಎಂದು ಫೋನಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದೆ. ಅದನ್ನು ಪಾಪವೆಂದು ಎಣಿಸಬೇಡ. ಲಕ್ವಾ ಹೊಡೆದು ಹಾಸಿಗೆ ಹಿಡಿದವರ ಪಕ್ಕದಲ್ಲಿ ತಿಂಗಳುಗಟ್ಟಲೆ ಒಂದು ರಾತ್ರಿಯೂ ಪೂರ್ತಿ ನಿದ್ದೆ ಕಾಣದವರಿಗೆ ಸಿಟ್ಟು ಬಂದೇ ಬರುತ್ತದೆ. ಶಕ್ತಿನಗರದಲ್ಲಿ ಅಳಿಯಂದಿರು ಪಾಳಿ ಮುಗಿದ ಮೇಲೆ ಮನೆಗೆ ಬರುತ್ತಾರೆ. ನಿನ್ನ ಪಾಳಿ ಮುಗಿಸಲು ಯಾರು ಬರುತ್ತಾರೆ?

ಸೊಂಟದ ನೋವನ್ನು ನೀನು ಮಾತು ಮುಗಿಸುವಾಗ ಹೇಳಿದೆ. ನನಗೆ ಅದೇ ದೊಡ್ಡ ಚಿಂತೆ. ಎರಡು ಗಂಟೆಗೊಮ್ಮೆ ಅತ್ತೆಯವರ ಮಗ್ಗುಲು ಬದಲಿಸಲೇಬೇಕು, ಇಲ್ಲದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಬೆವರಿಗೆ ಚರ್ಮ ಇನ್ನೂ ಬೇಗ ಕೆಡುತ್ತದೆ. ಆದರೆ ಕಂಕುಳಿಗೆ ಕೈಹಾಕಿ ಒಬ್ಬಳೇ ಎತ್ತಬೇಡ. ಲಕ್ವಾ ಹೊಡೆದ ಕಡೆಯ ಕೈಯನ್ನು ಎಳೆದರೆ ಅವರಿಗೂ ಪೆಟ್ಟು. ಬೆನ್ನಿನಿಂದ ತೊಡೆಯವರೆಗೆ ಮಡಚಿದ ದಪ್ಪ ಚಾದರ ಹಾಸಿ, ಆಚೆ ಒಬ್ಬರು ಈಚೆ ಒಬ್ಬರು ಹಿಡಿದು ಸರಿಸಿ. ಮಂಚ ನಿನ್ನ ಸೊಂಟದ ಮಟ್ಟಕ್ಕೆ ಬರುವಂತೆ ಕಾಲುಗಳ ಕೆಳಗೆ ಅಲುಗಾಡದ ಕಟ್ಟೆ ಕೊಡಿಸು. ಬಾಗುವಾಗ ಮೊಣಕಾಲು ಮಡಚು. ಗಾಳಿ ಹಾಸಿಗೆಯ ಪಂಪನ್ನು ಇನ್ವರ್ಟರಿಗೆ ಜೋಡಿಸಿ. ಕರೆಂಟು ಹೋದಾಗ ಮಧ್ಯರಾತ್ರಿ ಎದ್ದು ನೋಡುವುದಾದರೂ ತಪ್ಪುತ್ತದೆ. ಗಂಜಿಯನ್ನು ಅವರನ್ನು ಕೂರಿಸಿಯೇ ಕುಡಿಸು, ಆಮೇಲೆ ಅರ್ಧ ಗಂಟೆ ಒರಗಿಸಿ ಕೂರಿಸಿರು. ಇದು ನಿನಗೆ ಗೊತ್ತು, ಆದರೂ ಬರೆದೆ.

ಇನ್ನು ಆ ಎರಡನೆಯ ಜೋಡಿ ಕೈ ಯಾರದು? ತಂದೆತಾಯಿ, ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕೇಂದ್ರ ಕಾಯ್ದೆ 'ಮಕ್ಕಳು' ಎಂದು ಹೆಸರಿಸುವುದು ಮಗ, ಮಗಳು, ಮೊಮ್ಮಗ, ಮೊಮ್ಮಗಳನ್ನು. ಆ ಪಟ್ಟಿಯಲ್ಲಿ ಸೊಸೆ ಇಲ್ಲ. ಕೋರ್ಟಿನ ಮಾತು ಮನೆಯೊಳಗೆ ಬೇಡ, ನಿಜ. ಅತ್ತೆಯವರನ್ನು ನೀನು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದೀ, ಅದೂ ನನಗೆ ಗೊತ್ತು. ಆದರೆ ಹೆತ್ತ ಮಕ್ಕಳು ಮೂವರು ಇರುವಾಗ ಎಲ್ಲ ರಾತ್ರಿಗಳೂ ನಿನ್ನ ಪಾಲಿಗೇ ಬರುವುದು ನ್ಯಾಯವಲ್ಲ. ನಾದಿನಿ ಮಾನ್ವಿಯಿಂದ ಹಣ್ಣು ತಂದು, 'ಅವ್ವ ಸೊರಗಿದ್ದಾಳೆ' ಎಂದು ನೊಂದುಕೊಂಡು ಹೋಗುತ್ತಾಳಂತೆ. ಅವಳಿಗೂ ಮನಸ್ಸಿದೆ, ಏನು ಮಾಡಬೇಕೆಂದು ಯಾರೂ ಹೇಳಿಲ್ಲ. 'ಸ್ವಲ್ಪ ಸಹಾಯ ಮಾಡಿ' ಎಂದರೆ ಯಾರಿಗೂ ತಾಗುವುದಿಲ್ಲ. 'ಶನಿವಾರ, ಭಾನುವಾರ ರಾತ್ರಿ ನೀನಿರು' ಎಂದು ಕೇಳು. ಮೈದುನನಿಗೆ ಔಷಧ, ಡೈಪರು, ಆಸ್ಪತ್ರೆಯ ಓಡಾಟ ಒಪ್ಪಿಸು. ಅಳಿಯಂದಿರು ರಾತ್ರಿ ಮನೆಯಲ್ಲಿದ್ದಾಗ ಮಗ್ಗುಲು ಬದಲಿಸುವುದನ್ನು ಅವರೂ ಕಲಿಯಲಿ.

ಎದೆ ಭಾರವಾಗಿ, ಕಾರಣವಿಲ್ಲದೆ ಅಳು ಬರುವ ದಿನ 14416ಕ್ಕೆ ಕರೆ ಮಾಡು. 2022ರಲ್ಲಿ ಆರಂಭವಾದ, ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹುಚ್ಚು ಹಿಡಿದವರಿಗೆ ಮಾತ್ರ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಹಾಗೆಯೇ ನಿನ್ನ ಬಿಪಿ, ರಕ್ತ ಪರೀಕ್ಷೆ ಈ ವಾರವೇ ಆಗಲಿ.

ನಿನ್ನ ಅವ್ವ ಸೋಮವಾರ ರಾಯಚೂರಿಗೆ ಹೊರಟಿದ್ದಾಳೆ. ಅವಳಿರುವಾಗ ನೀನು ಇಲ್ಲಿಗೆ ಬಂದು ಒಂದು ವಾರ ಮಲಗು. ರಾತ್ರಿ ಅವ್ವನ ಜೊತೆಗೆ ಇನ್ನೊಬ್ಬರು ಬೇಕು. ಆ ಮಾತನ್ನು ಅಳಿಯಂದಿರಿಗೆ ನಾನು ಹೇಳಲೇ, ನೀನೇ ಹೇಳುತ್ತೀಯಾ? ಭಾನುವಾರದೊಳಗೆ ತಿಳಿಸು.

ನಿನ್ನ ಅಪ್ಪ