ಭಾನುವಾರದ ಚರ್ಚೆ: ಸಯಾಮಿನ ರಾಜರು
ಎಲ್ರಿಗೂ ನಮಸ್ಕಾರ, ಥಾಯ್ಲೆಂಡ್ (ಹಳೇ ಹೆಸರು ಸಯಾಮ್) ಯಾರ ವಸಾಹತೂ ಆಗ್ಲಿಲ್ಲ ಅಂತ ಗ್ರೂಪಲ್ಲಿ ಫಾರ್ವರ್ಡ್ ಓಡಾಡ್ತಿದೆ, ನಿಜಾನೇ, ಆದ್ರೆ ಅದಕ್ಕೆ ತೆತ್ತ ಬೆಲೇನೂ ಓದ್ಕೊಂಡು ಬನ್ನಿ ದಯವಿಟ್ಟು. 1855ರಲ್ಲಿ ರಾಜ ಮಾಂಗ್‌ಕುಟ್ ಬ್ರಿಟಿಷರ ಜೊತೆ ಬೌರಿಂಗ್ ಒಪ್ಪಂದ ಮಾಡ್ಕೊಂಡ್ರು, ಆಮದು ಸುಂಕ ಬರೀ ಶೇ. 3, ಮೇಲಿಂದ ಬ್ರಿಟಿಷ್ ಪ್ರಜೆ ಅಪರಾಧ ಮಾಡಿದ್ರೆ ವಿಚಾರಣೆ ಅವರ ಕಾನ್ಸಲ್ (ಅಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿ) ಹತ್ರಾನೇ! ಮಗ ಚುಲಲಾಂಗ್‌ಕಾರ್ನ್ ಕಾಲಕ್ಕೆ ಇನ್ನೂ ಕಷ್ಟ, 1893ರ ಜುಲೈನಲ್ಲಿ ಎರಡು ಫ್ರೆಂಚ್ ಗನ್‌ಬೋಟು ನದೀಮುಖದ ಪಾಕ್‌ನಾಮ್ ಕೋಟೆಯ ಗುಂಡಿನ ಮಧ್ಯೆನೇ ನುಗ್ಗಿ ಚಾವೊ ಫ್ರಾಯ ನದೀಲಿ ಬ್ಯಾಂಕಾಕ್‌ವರೆಗೂ ಬಂದು ನಿಂತ್ವು, ಕೊನೆಗೆ ಮೆಕಾಂಗ್ ನದಿಯ ಪೂರ್ವದ ದಡ ಬಿಟ್ಕೊಡ್ಬೇಕಾಯ್ತು. 1907ರಲ್ಲಿ ಸಿಯೆಮ್ ರೀಪ್ (ಈಗಿನ ಕಾಂಬೋಡಿಯಾದಲ್ಲಿ ಅಂಕೋರ್ ವಾಟ್ ದೇವಸ್ಥಾನ ಇರೋ ಜಾಗ) ಫ್ರೆಂಚರಿಗೆ, 1909ರಲ್ಲಿ ಕೆಡಾ, ಕೆಲಾಂಟನ್ (ಈಗ ಮಲೇಶ್ಯಾದ ರಾಜ್ಯಗಳು) ಬ್ರಿಟಿಷರಿಗೆ. ಹಳೇ ಮ್ಯಾಪ್ ಇದ್ದೋರು ಶನಿವಾರದೊಳಗೆ ಇಲ್ಲಿ ಹಾಕ್ಬಿಡಿ.