ಫೈಬ್ರಾಯ್ಡ್ ರಿಪೋರ್ಟ್ ಇನ್ನು ಕೌಂಟರ್‌ನಲ್ಲಿ ಕೊಡುವುದಿಲ್ಲ

ಆತ್ಮೀಯರೇ,

ಉಡುಪಿಯ ನಮ್ಮ ಸಣ್ಣ ಸ್ಕ್ಯಾನಿಂಗ್ ಸೆಂಟರ್‌ಗೆ ವರ್ಷಗಳಿಂದ ಬರುತ್ತಿರುವ ನಿಮಗೆ ಒಂದು ಬದಲಾವಣೆ ತಿಳಿಸಬೇಕು. ಮುಂದಿನ ತಿಂಗಳಿಂದ ಗರ್ಭಕೋಶದಲ್ಲಿ ಗಡ್ಡೆ, ಅಂದರೆ ಫೈಬ್ರಾಯ್ಡ್, ಕಂಡರೆ ರಿಪೋರ್ಟಿನ ಕವರ್ ಕೌಂಟರ್‌ನಲ್ಲಿ ಸಿಗುವುದಿಲ್ಲ. ಡಾಕ್ಟರು ಒಳಗೆ ಕರೆದು, ಚಿತ್ರ ಬರೆದು ತೋರಿಸಿ, 20 ನಿಮಿಷ ಮಾತಾಡಿ ಕೊಡುತ್ತಾರೆ. ದಿನಕ್ಕೆ ಮಾಡುವ ಸ್ಕ್ಯಾನ್ ಕಡಿಮೆಯಾಗುತ್ತದೆ, ಹಾಗಾಗಿ ಮೊದಲೇ ಫೋನ್ ಮಾಡಿ ಟೋಕನ್ ತೆಗೆದುಕೊಳ್ಳಬೇಕು. ಫೀಸು 150 ರೂಪಾಯಿ ಜಾಸ್ತಿ ಆಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಬೀಡಿ ಕಟ್ಟುವ ಅಕ್ಕ ಒಬ್ಬರು ಎರಡು ವರ್ಷದ ಹಿಂದೆ ಬಂದಿದ್ದರು. ಮುಟ್ಟಾದರೆ ಹತ್ತು ದಿನ ಬ್ಲೀಡಿಂಗ್, ಮುಖ ಬಿಳಿಚಿಕೊಂಡಿತ್ತು. ನಾವು "2.5 ಸೆಂಟಿಮೀಟರ್ ಫೈಬ್ರಾಯ್ಡ್" ಅಂತ ಟೈಪ್ ಮಾಡಿ, ಕವರ್‌ಗೆ ಹಾಕಿ ಕೊಟ್ಟೆವು. ಅದು ಎಲ್ಲಿದೆ ಅಂತ ಬರೆಯಲೇ ಇಲ್ಲ. ಈ ವರ್ಷ ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸಲು ಬಂದಾಗ ಗರ್ಭಕೋಶವೇ ಇರಲಿಲ್ಲ, ತೆಗೆಸಿ ಆಗಿತ್ತು. ಹಳೆಯ ಚಿತ್ರ ತೆಗೆದು ನೋಡಿದೆವು. ಅಡಿಕೆಯಷ್ಟು ಸಣ್ಣ ಗಡ್ಡೆ, ಗರ್ಭಕೋಶದ ಟೊಳ್ಳಿನೊಳಗೆ ಚಾಚಿಕೊಂಡು ಕೂತಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. "ಬೇರೆ ದಾರಿ ಇತ್ತಾ ಮೇಡಂ?" ಅಂತ ಕೇಳಿದರು. ಇತ್ತು ಅಂತಲೇ ಹೇಳಬೇಕಾಯಿತು. ತಪ್ಪು ನಮ್ಮದು.

ಗರ್ಭಕೋಶ ತಲೆಕೆಳಗಾದ ಪೇರಳೆಯ ಹಾಗೆ. ಮಧ್ಯದ ಟೊಳ್ಳಿಗೆ ಚಾಚಿದ ಸಣ್ಣ ಗಡ್ಡೆಯನ್ನು ಹಿಸ್ಟರೋಸ್ಕೋಪ್ ಎಂಬ ಸಪೂರ ಕೊಳವೆಯಿಂದ, ಕೆಳಗಿನ ದಾರಿಯಲ್ಲೇ ಹೋಗಿ ಕೆತ್ತಿ ತೆಗೆಯಬಹುದು. ಹೊಟ್ಟೆಗೆ ಒಂದು ಗಾಯವೂ ಇಲ್ಲ, ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಗಡ್ಡೆ ಗೋಡೆಯೊಳಗೋ ಹೊರಬದಿಗೋ ಇದ್ದರೆ ಇದು ನಡೆಯುವುದಿಲ್ಲ.

ಅಂಥ ಗಡ್ಡೆಗೆ ಲ್ಯಾಪ್ರೊಸ್ಕೋಪಿ ಇದೆ. ಹೊಟ್ಟೆಯಲ್ಲಿ ಮೂರು ನಾಲ್ಕು ಸಣ್ಣ ತೂತು ಮಾಡಿ, ಗಡ್ಡೆ ಮಾತ್ರ ಬಿಡಿಸಿ, ಗೋಡೆಗೆ ಹೊಲಿಗೆ ಹಾಕುತ್ತಾರೆ. ಮುಂದೆ ಮಕ್ಕಳು ಬೇಕು ಅನ್ನುವವರಿಗೆ ಡಾಕ್ಟರು ಸಾಮಾನ್ಯವಾಗಿ ಇದನ್ನೇ ಹೇಳುವುದು. ಆದರೆ ಹೊಲಿಗೆ ಆಳವಾಗಿದ್ದರೆ ಹೆರಿಗೆ ಸಿಸೇರಿಯನ್ ಆಗಬೇಕಾಗಬಹುದು, ಹೊಸ ಗಡ್ಡೆ ಬರಲೂಬಹುದು. ಇನ್ನೊಂದು, ಗಡ್ಡೆಯನ್ನು ಯಂತ್ರದಿಂದ ಚೂರು ಮಾಡಿ ತೆಗೆಯುವುದಾದರೆ ಚೀಲದೊಳಗೆ ಮಾಡುತ್ತೀರಾ ಅಂತ ಕೇಳಿ, ಯಾಕೆಂದರೆ ಅಪರೂಪಕ್ಕೆ ಗಡ್ಡೆಯಲ್ಲಿ ಕ್ಯಾನ್ಸರ್ ಅಡಗಿದ್ದರೆ ಚೂರುಗಳಿಂದ ಅದು ಹೊಟ್ಟೆಯೊಳಗೆ ಹರಡಬಹುದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಸಿದ್ದು ಇದನ್ನೇ.

ನಮ್ಮಲ್ಲಿಗೆ ಬರುವವರು ಕೇಳಿಯೇ ಇರದ ದಾರಿ ಎಂಬೊಲೈಸೇಶನ್. ಫೈಬ್ರಾಯ್ಡ್‌ಗೆ ಇದು ಆಗುತ್ತದೆ ಅಂತ 1995ರಲ್ಲಿ ಪ್ಯಾರಿಸ್‌ನ ಡಾಕ್ಟರುಗಳು ಬರೆದರು. ತೊಡೆಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಪೂರ ನಳಿಗೆ ತೂರಿಸಿ, ಗರ್ಭಕೋಶಕ್ಕೆ ಹೋಗುವ ನಾಳದಲ್ಲಿ ಸಣ್ಣ ಮರಳಿನಂಥ ಕಣಗಳನ್ನು ಬಿಡುತ್ತಾರೆ. ರಕ್ತ ಸಿಗದೆ ಗಡ್ಡೆ ಕೆಲವು ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗುತ್ತದೆ. ಹಲವು ಗಡ್ಡೆಗಳಿದ್ದರೂ ಒಂದೇ ಸಲಕ್ಕೆ ಆಗುತ್ತದೆ, ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ಮೊದಲ ದಿನ ನೋವು ಜೋರು, ಅದನ್ನು ಮುಚ್ಚಿಡುವುದು ಬೇಡ. ಒಂದೆರಡು ವಾರದಲ್ಲಿ ಕೆಲಸಕ್ಕೆ ಹೋಗಬಹುದು. ಕೆಲವರಿಗೆ ಮುಂದೆ ಮತ್ತೆ ಚಿಕಿತ್ಸೆ ಬೇಕಾಗುತ್ತದೆ, ಮಕ್ಕಳ ಆಸೆ ಇರುವವರು ಚೆನ್ನಾಗಿ ವಿಚಾರಿಸದೆ ಒಪ್ಪಬೇಡಿ. ಇದನ್ನು ಮಾಡುವವರು ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಚಿತ್ರ ನೋಡಿಕೊಂಡು ನಳಿಗೆಯಿಂದ ಚಿಕಿತ್ಸೆ ಮಾಡುವ ಡಾಕ್ಟರು. ಹಾಗಾಗಿ ನಿಮ್ಮ ಗೈನಕಾಲಜಿಸ್ಟ್ ಹತ್ತಿರ ಕೇಳಿ ಚೀಟಿ ಬರೆಸಿಕೊಳ್ಳಬೇಕು, ಸುಮ್ನೆ ಕೂತರೆ ಈ ಮಾತು ಬಾರದೆಯೂ ಹೋಗಬಹುದು.

ಶಬ್ದದ ಅಲೆಯ ಬಿಸಿಯಿಂದ ಗಡ್ಡೆ ಸುಡುವ ಹೈಫು ಎಲ್ಲರಿಗೂ ಆಗುವುದಿಲ್ಲ, ಎಂಆರ್‌ಐ ನೋಡಿ ಹೇಳಬೇಕು. ಏನೂ ತೊಂದರೆ ಕೊಡದ ಗಡ್ಡೆಗೆ ಎಷ್ಟೋ ಸಲ ಏನೂ ಮಾಡಬೇಕಾಗಿಲ್ಲ, ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಗರ್ಭಕೋಶ ತೆಗೆಯುವುದೇ ಸರಿಯಾದವರೂ ಇದ್ದಾರೆ. ಆದರೆ ಅದು ಉಳಿದ ದಾರಿಗಳನ್ನೆಲ್ಲ ಕೇಳಿದ ಮೇಲೆ ಅವರೇ ಆರಿಸಿದ್ದಾಗಿರಬೇಕು, ಅಲ್ವಾ?

ಯಾವ ಚಿಕಿತ್ಸೆ ಅಂತ ನಾವು ತೀರ್ಮಾನ ಮಾಡುವುದಿಲ್ಲ, ಅದು ನೀವು ಮತ್ತು ನಿಮ್ಮ ಡಾಕ್ಟರು ಸೇರಿ ಮಾಡುವುದು. ನಮ್ಮ ರಿಪೋರ್ಟ್‌ನಲ್ಲಿ ಇನ್ನು ಗಡ್ಡೆಯ ಸಂಖ್ಯೆ, ಅಳತೆ, ಜಾಗ, ಕೈಯಲ್ಲಿ ಬರೆದ ಚಿತ್ರ ಇರುತ್ತವೆ. ನಮ್ಮಲ್ಲಿ ಮೊದಲು ಮಾಡಿಸಿದ ಹಳೆಯ ರಿಪೋರ್ಟ್ ಇದ್ದರೆ ತನ್ನಿ, ಚಿತ್ರ ಉಳಿದಿದ್ದರೆ ದುಡ್ಡು ತೆಗೆದುಕೊಳ್ಳದೆ ಮತ್ತೆ ನೋಡಿ ಬರೆದುಕೊಡುತ್ತೇವೆ. ಹೊಸದಾಗಿ ಸ್ಕ್ಯಾನ್ ಮಾಡಿಸುವವರು ಆ ತಿಂಗಳ ಮುಟ್ಟು ಮುಗಿದ ಮರುದಿನಗಳಲ್ಲಿ ಬಂದರೆ ಒಳಗಿನದು ಚೆನ್ನಾಗಿ ಕಾಣುತ್ತದೆ. ಗಂಡನೋ ಅಕ್ಕನೋ ಜೊತೆಗೆ ಬರಲಿ, ಒಳಗೆ ಅವರಿಗೂ ಕುರ್ಚಿ ಹಾಕಿದ್ದೇವೆ.